ಮುಂದಿನದು ನೋಡೋಣ

"ಇನ್ನೂ ಸ್ವಲ್ಪ ಎಡಕ್ಕೆ... ಬರಲಿ, ಬರಲಿ... ಸಾಕು, ಸಾಕು!"

ಚಿತಾಗಾರದ ಗೇಟಿನಲ್ಲಿ ನಿಂತು ಮಗಳು ಎರಡೂ ಕೈ ಬೀಸುತ್ತಿದ್ದಳು. ಹಿಮ್ಮುಖವಾಗಿ ಬಂದ ಶವವಾಹನ ಕಂಬಕ್ಕೆ ಕೂದಲೆಳೆಯಷ್ಟು ಜಾಗ ಬಿಟ್ಟು ನಿಂತಿತು. "ಶಭಾಷ್!" ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಒಳಗೆ ಮಲಗಿದ್ದವಳು ಅವಳ ಹೆತ್ತ ತಾಯಿ. ಅಮ್ಮನ ಹೆಣ ತಂದ ಡ್ರೈವರಿಗೆ ಶಭಾಷ್‌ಗಿರಿ ಕೊಟ್ಟ ಮಗಳು ಲೋಕದಲ್ಲಿ ಇನ್ನೊಬ್ಬಳಿದ್ದಾಳೋ ಇಲ್ಲವೋ. ಏನು ಮಾಡುವುದು, ಕಸುಬಿನ ಚಾಳಿ. ಅವಳು ನಡೆಸುತ್ತಿದ್ದದ್ದು ಡ್ರೈವಿಂಗ್ ಸ್ಕೂಲು. ಕಲಿಯಲು ಬಂದವರು ಇಟ್ಟ ಹೆಸರೇ 'ಶಭಾಷ್ ಮೇಡಂ'. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ಆಫ್ ಆದರೂ ಶಭಾಷ್, ಚರಂಡಿಗೆ ಬೀಳದೆ ಉಳಿದರೂ ಶಭಾಷ್.

ಒಳಗೆ ಇನ್ನೊಬ್ಬರ ಸರದಿ ನಡೆದಿತ್ತು. "ಸ್ವಲ್ಪ ಹೊತ್ತಾಗುತ್ತೆ, ಕೂತಿರಿ" ಎಂದ ಅಲ್ಲಿಯ ನೌಕರ. ಸ್ಟೀಲಿನ ಕುರ್ಚಿಗಳ ಸಾಲಿನಲ್ಲಿ ಸೋದರಮಾವ ಆಗಲೇ ಆಸನ ಹಿಡಿದು, ಪಕ್ಕದವರನ್ನೂ ಹಿಡಿದಿದ್ದ.

"ನಮ್ಮಕ್ಕ ಈ ಸ್ಕೂಲ್ ಸೈಕಾಲಜಿ ಓದೋಕೆ ಹೊರಟಾಗ ನಮ್ಮ ಬೀದಿ ಮಕ್ಕಳ ಪಾಡು ಕೇಳ್ಬೇಡಿ. ಕಲಿಯೋರು ಮೊದಲು ಗೊತ್ತಿರೋ ಮಕ್ಕಳ ಮೇಲೆ ಪರೀಕ್ಷೆ ಮಾಡಿ ಕೈ ಪಳಗಿಸಿಕೊಳ್ಬೇಕಂತೆ. ಅವಳ ಪರೀಕ್ಷೆ ಪೆಟ್ಟಿಗೆ ಕಂಡ್ರೆ ಸಾಕು, ನನ್ನ ಮಕ್ಕಳು ಮಂಚದ ಕೆಳಗೆ!"

ಪಕ್ಕದವರು ನಗಬೇಕೋ ಬೇಡವೋ ತಿಳಿಯದೆ ತಲೆಯಾಡಿಸಿದರು.

ಆಗ ಅಮ್ಮ ತರಬೇತಿ ಕೊಟ್ಟ ಶಿಷ್ಯೆಯರ ಗುಂಪು ಬಂತು. ಎಲ್ಲರೂ ಒಂದಲ್ಲ ಒಂದು ಶಾಲೆಯಲ್ಲಿ ಅಮ್ಮನ ಕೆಲಸವನ್ನೇ ಮಾಡುವವರು: ಅಕ್ಷರ ಹತ್ತದ ಮಗುವಿಗೆ ಎಲ್ಲಿ ತೊಡಕು ಎಂದು ಹುಡುಕುವುದು, ಶಾಲೆಗೆ ಹೋಗೆನೆಂದು ಕಂಬ ಹಿಡಿದು ಅಳುವ ಮಗುವಿನ ಪಕ್ಕ ಕೂರುವುದು, ಮೇಷ್ಟ್ರಿಗೂ ಹೆತ್ತವರಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದು. ಜನ ಇದನ್ನೆಲ್ಲ ಒಂದೇ ಮಾತಿನಲ್ಲಿ 'ಹುಚ್ಚಿನ ಡಾಕ್ಟ್ರು' ಎಂದು ಮುಗಿಸುತ್ತಿದ್ದರು. ಚಿಕ್ಕಂದಿನಲ್ಲಿ ಮಗಳು ಗೆಳತಿಯರ ಮುಂದೆ ನಾಚಿಕೆಗೆ "ನಮ್ಮಮ್ಮ ಡ್ರಾಯಿಂಗ್ ಟೀಚರ್ರು" ಎಂದು ಸುಳ್ಳು ಹೇಳಿದ್ದುಂಟು.

ಗುಂಪಿನಲ್ಲಿ ಒಬ್ಬಳು ಇವಳನ್ನು ನೋಡಿ ಪಿಸುಗುಟ್ಟಿದಳು. "ಇವರೇನಾ ಆ ಹುಡುಗಿ?"

"ಹೂಂ, ಇವರೇ. ಮೆಲ್ಲಗೆ ಮಾತಾಡೇ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಮಗಳ ಕೈ ತಾನಾಗಿಯೇ ಸೆರಗಿನಿಂದ ಮುಖ ಒರೆಸಿಕೊಂಡಿತು. ಹಾಗಾದರೆ ಅಮ್ಮ ಇವರಿಗೆಲ್ಲ ಹೇಳಿದ್ದಾಳೆ. ತನ್ನ ಮಗಳು ದಡ್ಡಿ ಎಂದು ಪಾಠದ ಕೋಣೆಯಲ್ಲಿ ನಿಂತು ಹೇಳಿದ್ದಾಳೆ.

*

ಆಗ ಅವಳಿನ್ನೂ ಮೂರನೇ ಕ್ಲಾಸು. ಬೀದಿಯ ಮಕ್ಕಳೆಲ್ಲ ಕೈಕೊಟ್ಟ ಮೇಲೆ ಅಮ್ಮ ಅವಳನ್ನೇ ಊಟದ ಮೇಜಿನ ಮುಂದೆ ಕೂರಿಸಿದಳು. ಕೆಂಪು ಬಿಳಿ ಮರದ ಚೌಕಗಳು, ಟಿಕ್ ಟಿಕ್ ಎನ್ನುವ ಗಡಿಯಾರ. ಚಿತ್ರದಲ್ಲಿದ್ದ ಹಾಗೆ ಚೌಕ ಜೋಡಿಸಬೇಕು. ಒಳ್ಳೆ ಆಟ ಎಂದುಕೊಂಡು ಚಕ್ಕಳಮಕ್ಕಳ ಹಾಕಿ ಕುರ್ಚಿಯ ಮೇಲೆ ಕೂತಳು.

ಒಂದನ್ನು ಜೋಡಿಸಿ ತಲೆ ಎತ್ತಿದಳು. ಎದುರಿಗಿದ್ದದ್ದು ಅಮ್ಮನ ಮುಖವೇ ಅಲ್ಲ. ಗೋಡೆ.

"ಅಮ್ಮಾ, ಸರಿಯಾ?"

"ಮುಂದಿನದು ನೋಡೋಣ."

ಇನ್ನೊಂದು ಜೋಡಿಸಿದಳು. ಮತ್ತೆ ನೋಡಿದಳು. "ಮುಂದಿನದು ನೋಡೋಣ." ಬೆಳಿಗ್ಗೆ ಜಡೆ ಹಾಕುವಾಗ ಮುದ್ದು ಮಾಡಿದ ಅಮ್ಮ ಎಲ್ಲಿ ಹೋದಳೋ! ತಾನು ಏನೋ ದೊಡ್ಡ ತಪ್ಪು ಮಾಡುತ್ತಿದ್ದೇನೆ ಎಂದುಕೊಂಡು ಒಂದು ಚೌಕವನ್ನು ತೆಗೆದು ತಿರುಗಿಸಿ ಇಟ್ಟಳು. ಇದ್ದಕ್ಕಿದ್ದ ಹಾಗೆ ಅಮ್ಮ ಚೌಕಗಳನ್ನು ಬಾಚಿ ಪೆಟ್ಟಿಗೆಗೆ ಸುರಿದು, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನೀರು ಸುಮ್ಮನೆ ಹರಿಯುತ್ತಿತ್ತು.

ಆ ದಿನದ ಸುದ್ದಿಯನ್ನು ಅಮ್ಮ ಮತ್ತೆ ಎತ್ತಲಿಲ್ಲ. ಮಗಳೂ ಕೇಳಲಿಲ್ಲ. ಆಮೇಲೆ ಅಂಕ ಕಡಿಮೆ ಬಂದಾಗಲೆಲ್ಲ ಅಮ್ಮ "ಪರವಾಗಿಲ್ಲ ಪುಟ್ಟಾ" ಎನ್ನುವಳು. ಬೇರೆ ತಾಯಂದಿರು ಬೆನ್ನಿಗೆ ಗುದ್ದುತ್ತಿದ್ದರು. ಆ ಗುದ್ದೇ ವಾಸಿ ಎನಿಸುತ್ತಿತ್ತು ಇವಳಿಗೆ. ಗುದ್ದುವವರಿಗೆ ಮಗುವಿನ ಮೇಲೆ ಆಸೆ ಇರುತ್ತದೆ. ನನ್ನ ಬಂಡವಾಳ ಅಮ್ಮನಿಗೆ ಗೊತ್ತಿದೆ, ಅದಕ್ಕೇ ಪರವಾಗಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದೆ ಸ್ಟಿಯರಿಂಗ್ ಹಿಡಿದಾಗಲೂ ಅಮ್ಮ ಹೇಳಿದ್ದು ಅದೇ ಮಾತು.

*

ಈಗ ಅವಳಿಗೆ ತಡೆಯಲಾಗಲಿಲ್ಲ. ಎದ್ದು ನೆಟ್ಟಗೆ ಆ ಗುಂಪಿನ ಹತ್ತಿರ ಹೋದಳು. ಅಮ್ಮನ ಮೊದಲ ಶಿಷ್ಯೆ, ದಪ್ಪ ಕನ್ನಡಕದ ಹೆಂಗಸು, ಎದ್ದು ನಿಂತಳು.

"ನನ್ನ ಬಗ್ಗೆ ಏನೋ ಮಾತಾಡ್ಕೊಂಡ್ರಿ."

"ಅಯ್ಯೋ, ಇಲ್ಲ ಅಕ್ಕಾ..."

"ನನ್ನ ಕಿವಿ ಇನ್ನೂ ನೆಟ್ಟಗಿದೆ. ಹೇಳಿಬಿಡಿ, ಎಷ್ಟಂತೆ ನನ್ನ ಅಂಕ? ಅಮ್ಮ ಹೇಗೂ ಹೋದಳು. ನಾನೂ ಮುದುಕಿಯಾಗ್ತಾ ಬಂದೆ. ಇನ್ನು ಯಾಕೆ ಮುಚ್ಚುಮರೆ?"

ಕನ್ನಡಕದವಳು ಕಣ್ಣು ಪಿಳಿಪಿಳಿ ಬಿಟ್ಟಳು. "ಅಂಕನಾ? ಅಂಕವೇ ಹಾಕಿರಲಿಲ್ಲವಲ್ಲ ಅಕ್ಕಾ. ನಿಮಗೆ... ಮೇಡಂ ನಿಮಗೆ ಹೇಳಿಲ್ವಾ?"

"ಏನನ್ನ?"

ಕನ್ನಡಕದವಳು ಇವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು.

"ಪ್ರತಿ ವರ್ಷ ಮೊದಲ ಪಾಠ ಅದೇ ಅಕ್ಕಾ. ಪರೀಕ್ಷೆ ಮಾಡುವಾಗ ಉತ್ತರ ಸರಿಯೋ ತಪ್ಪೋ ಅಂತ ಮುಖದಲ್ಲಿ ತೋರಿಸಬಾರದು. ಅಷ್ಟೇ ನಿಯಮ. ಮಗುವಿನ ಜೊತೆ ನಗಬೇಡಿ ಅಂತ ಯಾರೂ ಹೇಳಿಲ್ಲ. ಆದರೆ ಹೊಸದಾಗಿ ಕಲಿಯೋರು ಭಯಕ್ಕೆ ಕಲ್ಲಾಗಿಬಿಡ್ತೀವಿ. ಮೇಡಂ ಹೇಳ್ತಿದ್ರು, ನಾನೂ ಹಾಗೇ ಕೂತೆ, ಅದೂ ನನ್ನ ಮಗಳ ಮುಂದೆ. ಅವಳು ಚೌಕ ಸರಿಯಾಗೇ ಜೋಡಿಸಿದಳು. ಜೋಡಿಸಿ ನನ್ನ ಮುಖ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲ. ತಪ್ಪಾಯ್ತೇನೋ ಅಂತ, ಸರಿ ಇದ್ದದ್ದನ್ನ ತಾನೇ ಕೆಡಿಸಿ, ಮತ್ತೆ ನನ್ನ ಮುಖ ನೋಡಿದಳು ಅಂತ."

ಮಗಳು ಕಿಟಕಿಯ ಸರಳು ಹಿಡಿದುಕೊಂಡಳು.

"ಮೇಡಂಗೆ ಮುಂದೆ ಹೇಳೋಕೇ ಆಗ್ತಿರಲಿಲ್ಲ. ಪ್ರತಿ ವರ್ಷ ಅಲ್ಲಿಗೇ ನಿಲ್ಲಿಸಿ ನೀರು ಕುಡಿಯೋರು. ನಿಮಗೇ ಹೇಳಿಬಿಡಿ ಅಂತ ನಾನೇ ಒಮ್ಮೆ ಮೇಡಂಗೆ ಅಂದೆ. 'ಅವಳ ಮುಂದೆ ಬಾಯಿ ಬರಲ್ಲ ಕಣೇ, ನಾಚಿಕೆ ಆಗುತ್ತೆ' ಅಂದ್ರು."

"ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದಳು ಮಗಳು. "ಕಂಡಕಂಡವರಿಗೆಲ್ಲ ಹೇಳಿದ್ದಾಳೆ. ನನಗೊಬ್ಬಳಿಗೆ ಹೇಳೋಕೆ ಏನು ಧಾಡಿಯಾಗಿತ್ತು ಅವಳಿಗೆ?"

ಸಿಟ್ಟು ಬಂದಿತ್ತು ನಿಜ. ಆದರೆ ಅದು ಹುಲ್ಲಿಗೆ ಹತ್ತಿದ ಬೆಂಕಿ. ಬಂದಷ್ಟೇ ಬೇಗ ಹೋಯಿತು. ಅದು ಹೋದ ಜಾಗಕ್ಕೆ ಬಂದದ್ದು ಬೇರೆ, ಸಿಟ್ಟಿಗಿಂತ ಕೆಟ್ಟದ್ದು.

*

ಹೋದ ತಿಂಗಳ ಮಾತು. ಲಕ್ವ ಹೊಡೆದು ಅಮ್ಮನ ಮಾತು ಹೋಗಿತ್ತು, ಬಲಗೈ ಅರೆಬರೆ ಆಡುತ್ತಿತ್ತು. ವ್ಯಾಯಾಮ ಹೇಳಿಕೊಡುವವಳು ಬಂದು, ದಿನಾ ಆ ಕೈಯಿಂದಲೇ ಪ್ಲಾಸ್ಟಿಕ್ ಲೋಟಗಳನ್ನು ಒಂದರ ಮೇಲೊಂದು ಇಡಿಸಿ ಎಂದು ಹೋಗಿದ್ದಳು. ಮಗಳು ಕೆಲಸಕ್ಕೆ ಹೊರಡುವ ಮೊದಲು ಮಂಚದ ಪಕ್ಕ ಕೂತು ಇಡಿಸುತ್ತಿದ್ದಳು.

ಅಮ್ಮ ಬೆವರುತ್ತಾ, ಸೊಟ್ಟ ಬಾಯಿಂದ ಉಸಿರು ಬಿಡುತ್ತಾ ಲೋಟ ಎತ್ತುವಳು. ನಡುಗಿಸಿ ನಡುಗಿಸಿ ಇನ್ನೊಂದರ ಮೇಲೆ ಇಡುವಳು. ಇಟ್ಟು, ಮಗಳ ಮುಖ ನೋಡುವಳು.

ಮಗಳು ಏನೂ ತೋರಿಸುತ್ತಿರಲಿಲ್ಲ. ಬೇಕೆಂದೇ. ಮುಖ ಗೋಡೆ ಮಾಡಿಕೊಂಡು, "ಮುಂದಿನದು" ಎನ್ನುತ್ತಿದ್ದಳು. ಅದರಲ್ಲಿ ಒಂದು ರುಚಿ ಇತ್ತು, ಸುಳ್ಳು ಯಾಕೆ? ನೋಡು, ಹೇಗಿರುತ್ತೆ ನೋಡು ಎಂದು ಒಳಗೊಳಗೇ ಅಂದುಕೊಂಡದ್ದೂ ಉಂಟು. ಬ್ರೇಕಿಗೂ ಆಕ್ಸಿಲರೇಟರಿಗೂ ವ್ಯತ್ಯಾಸ ತಿಳಿಯದ ಗಂಡಸರಿಗೆ ದಿನವಿಡೀ ಹಂಚುತ್ತಿದ್ದ ಮಾತು ಆ ಮಂಚದ ಹತ್ತಿರ ಒಂದು ಸಲವೂ ಬಾಯಿಗೆ ಬರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಎಲ್ಲ ಲೋಟಗಳನ್ನೂ ಇಟ್ಟಳು. ಗೋಪುರ ನಿಂತಿತು. ಮುಖ ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಎಡಗೈಯಿಂದ ಮೆಲ್ಲಗೆ ಮೇಲಿನ ಲೋಟವನ್ನು ತೆಗೆದು ಹಾಸಿಗೆಯ ಮೇಲಿಟ್ಟಳು.

ಮಾತು ಸತ್ತವಳು ತಪ್ಪು ಒಪ್ಪಿಕೊಂಡದ್ದೋ, ಕ್ಷಮಿಸು ಎಂದದ್ದೋ! ಮಗಳು ಆವತ್ತು ತಿಳಿದದ್ದು, ಮುದುಕಿಗೆ ಬುದ್ಧಿ ಭ್ರಮಣೆ ಎಂದು. ಗಡಿಯಾರ ನೋಡಿ, ಕಾರಿನ ಕೀಲಿಕೈ ಎತ್ತಿಕೊಂಡು ಹೊರಟುಹೋಗಿದ್ದಳು.

*

"ನಿಮ್ಮ ಸರದಿ. ಮುಖ ನೋಡೋರು ನೋಡಿಬಿಡಿ" ಎಂದು ನೌಕರ ಕೂಗಿದ.

ಸೋದರಮಾವ ನೋಡಿ ಮೂಗು ಒರೆಸಿಕೊಂಡು ಸರಿದ. ಶಿಷ್ಯೆಯರು ಒಬ್ಬೊಬ್ಬರಾಗಿ ಬಂದು ಹೋದರು. ಕೊನೆಗೆ ಮಗಳು ಬಂದು ಬಗ್ಗಿದಳು. ಭೂಮಿ ಬಾಯಿಬಿಟ್ಟರೆ ಇಳಿದುಬಿಡುವಷ್ಟು ನಾಚಿಕೆ ಅವಳಿಗೆ. ಅಮ್ಮನ ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಸಣ್ಣ ಬಿರುಕಿನಲ್ಲಿ ಬಿಳಿ ಕಾಣುತ್ತಿತ್ತು.

"ಆಯ್ತಾ ಅಮ್ಮಾ?" ಎಂದ ನೌಕರ.

"ಒಂದು ನಿಮಿಷ."

ಅವಳು ಇನ್ನೂ ಬಗ್ಗಿ, ಆ ಬಿರುಕಿನ ನೇರಕ್ಕೆ ತನ್ನ ಮುಖ ತಂದಳು. ನಗಲು ನೋಡಿದಳು. ಕೆನ್ನೆ ಅದುರಿತು, ತುಟಿ ಸೊಟ್ಟಗಾಯಿತು, ನಗು ಬರಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ನಗಲು ನೋಡಿದಳು. ಹಿಂದೆ ಕುಲುಮೆಯ ಕಬ್ಬಿಣದ ಬಾಗಿಲು ಮೇಲೇಳತೊಡಗಿತು. ನೌಕರ ಹಲಗೆ ತಳ್ಳಿದ. ಅದು ಕಿರುಗುಟ್ಟುತ್ತಾ ಒಳಗೆ ಸರಿದಂತೆಲ್ಲ ಅವಳೂ ಬಗ್ಗಿದ ಹಾಗೆಯೇ, ಹಲ್ಲು ಕಾಣುವಷ್ಟು ತುಟಿ ಎಳೆದುಕೊಂಡು, ಜೊತೆಜೊತೆಗೇ ಹೆಜ್ಜೆ ಹಾಕಿದಳು.