ಲೆಡ್ಜರ್‌ಗಳನ್ನು ಉಳಿಸಿದ ಸ್ಕ್ಯಾನರ್

ನಾನು ಒಂದು ಸ್ಕ್ಯಾನರ್. ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟಿದ್ದು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ.

ಪೆಟ್ಟಿಗೆ ಬಿಚ್ಚಿದ ದಿನ ನನ್ನನ್ನು ನೋಡಿ ಯಾರೂ ನಗಲಿಲ್ಲ. ಸೂಪರಿಂಟೆಂಡೆಂಟ್ ಫಕ್ಕೀರಪ್ಪ ಸವಣೂರ ಅವರಂತೂ ಮುಖ ತಿರುಗಿಸಿದರು. ಮೂವತ್ತು ವರ್ಷಗಳ ಅಂಕಗಳ ಲೆಡ್ಜರ್‌ಗಳನ್ನು ಕಾಯ್ದವರು ಅವರು. ಯಾವ ಸಾಲಿನದು ಯಾವ ಕಪಾಟಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು.

"ಇದು ಬಂದ ಮ್ಯಾಲೆ ನಮ್ಮನ್ನ ಯಾರು ಕೇಳ್ತಾರ?" ಎಂದು ಗೊಣಗಿದರು. ದನಿಯಲ್ಲಿದ್ದದ್ದು ಸಿಟ್ಟಲ್ಲ, ಭಯ.

ಮೂರು ತಿಂಗಳು ನನ್ನ ಬೆನ್ನ ಮೇಲೆ ಊಟದ ಡಬ್ಬಿಗಳು ಕುಳಿತವು.

ಆಗ ಉಪ ಕುಲಸಚಿವರಾಗಿ ನಸೀಮಾ ಮೇಡಂ ಬಂದರು. ಆದೇಶ ಹೊರಡಿಸಲಿಲ್ಲ. ಕುರ್ಚಿ ಎಳೆದುಕೊಂಡು ಸವಣೂರರ ಎದುರು ಕುಳಿತರು.

"ಸರ್, ಇದಕ್ಕ ಹಾಳಿ ಕಾಣ್ತದ. ಹಾಳ್ಯಾಗ ಏನೈತಿ ಅನ್ನೋದು ನಿಮಗಷ್ಟ ಗೊತ್ತು. ಯಾವುದು ಮೊದಲು, ನೀವ ಹೇಳ್ರಿ. ಯಾರ ಕೆಲಸಾನೂ ಹೋಗಂಗಿಲ್ಲ, ಅದಕ್ಕ ನಾ ಜವಾಬ್ದಾರಿ."

ಸವಣೂರರು ಎದ್ದು, ಶಾಯಿ ಮಾಸಿದ ಒಂದು ಲೆಡ್ಜರನ್ನು ಕೂಸಿನ ಹಾಗೆ ಎತ್ತಿ ತಂದರು. "ಮೊದಲು ಇದು. ಇದು ಹೆಚ್ಚು ದಿನ ಬಾಳಂಗಿಲ್ಲ."

ಒಂದು ವರ್ಷ ಅವರು ಪುಟ ತಿರುವಿದರು, ನಾನು ಓದಿದೆ. ಮಸುಕಾದ ಅಂಕಿಗಳನ್ನು ಅವರು ಭೂತಗನ್ನಡಿ ಹಿಡಿದು ಓದಿ ಹೇಳುತ್ತಿದ್ದರು. ಗುಮಾಸ್ತೆ ಕಸ್ತೂರಿ ಟೈಪ್ ಮಾಡುತ್ತಿದ್ದಳು.

ಕೊನೆಯ ಲೆಡ್ಜರ್ ಮುಗಿದ ತಿಂಗಳಲ್ಲೇ, ಒಂದು ಭಾನುವಾರ, ದಾಖಲೆ ಕೋಣೆಯ ನೀರಿನ ಪೈಪು ಒಡೆಯಿತು. ಸೋಮವಾರ ಬಾಗಿಲು ತೆರೆದಾಗ ಲೆಡ್ಜರ್‌ಗಳು ಮುದ್ದೆಯಾಗಿದ್ದವು. ಸವಣೂರರು ಹೊಸ್ತಿಲಲ್ಲೇ ಕುಸಿದು ಕುಳಿತರು.

ಅಷ್ಟರಲ್ಲಿ ಶಾಂತವ್ವ ಎಂಬ ಅಂಗನವಾಡಿ ಕಾರ್ಯಕರ್ತೆ ಓಡೋಡಿ ಬಂದರು. ಬಡ್ತಿಗಾಗಿ ಅವರ ಪದವಿಯ ಅಂಕಗಳ ದೃಢೀಕರಣ ಸಂಜೆಯೊಳಗೆ ಬೇಕಿತ್ತು. "ತೊಂಬತ್ನಾಲ್ಕರಾಗ ಪಾಸಾಗೀನ್ರಿ. ಸಿಗ್ತದಲ್ರೀ?"

ಆ ಲೆಡ್ಜರ್ ನೀರಿನಲ್ಲಿತ್ತು.

ಸವಣೂರರು ಕಣ್ಣೊರೆಸಿಕೊಂಡು ಎದ್ದರು. ಕಂಪ್ಯೂಟರ್ ಮುಂದೆ ಕುಳಿತು ಶಾಂತವ್ವ ಹೇಳಿದ ನೋಂದಣಿ ಸಂಖ್ಯೆಯನ್ನು ಒಂದೇ ಬೆರಳಿನಲ್ಲಿ ಒತ್ತಿದರು. ನಾನು ಓದಿದ್ದ ಪುಟ ಪರದೆಯ ಮೇಲೆ ಬಂತು.

"ಸಿಕ್ತು! ಫಸ್ಟ್ ಕ್ಲಾಸ್ ಐತಿ ತಂಗಿ!" ಅವರ ಕೂಗಿಗೆ ಪಕ್ಕದ ಕೋಣೆಯವರೂ ಓಡಿ ಬಂದರು. ಶಾಂತವ್ವ ಅಳುತ್ತ ನಕ್ಕರು. ಕಸ್ತೂರಿ ಚಪ್ಪಾಳೆ ತಟ್ಟಿದಳು.

ನಿವೃತ್ತಿಗೆ ಮೊದಲು ಸವಣೂರರು ಹನ್ನೊಂದು ಕಾಲೇಜುಗಳ ಸಿಬ್ಬಂದಿಗೆ ತಾವೇ ಸ್ಕ್ಯಾನಿಂಗ್ ತರಬೇತಿ ಕೊಟ್ಟರು. "ನಾನೂ ಅಂಜಿದ್ನಿ" ಎಂದೇ ಪ್ರತಿ ಸಲ ಶುರುಮಾಡುತ್ತಿದ್ದರು.

ಈಗ ನನ್ನ ಗಾಜಿನ ಮೇಲೆ ಗೀರುಗಳಿವೆ. ವೇಗದ ಹೊಸ ಯಂತ್ರ ಬಂದಿದೆ. ಗ್ರಂಥಾಲಯದ ಮೂಲೆಯಲ್ಲಿ ಆರಾಮಾಗಿದ್ದೇನೆ. ಮೂವತ್ತು ವರ್ಷ ಇಲ್ಲಿ ಓದಿ ಹೋದ ಮಕ್ಕಳ ಹೆಸರುಗಳೆಲ್ಲ ನನ್ನ ಕಣ್ಣ ಮುಂದೆ ಹಾದುಹೋಗಿವೆ. ಒಂದೂ ಅಳಿಸಿಹೋಗಲಿಲ್ಲ.