ಉಳಿದ ಕೆಂಪು ಗೆರೆ

ಆಸ್ಪತ್ರೆಗಳ ಡ್ರಿಪ್ ಯಂತ್ರಕ್ಕೆ ನಾನೂ ಅತ್ತಿಗೆಯೂ ಒಂದೇ ಆಫೀಸಿನಲ್ಲಿ ಕೋಡ್ ಬರೆಯುತ್ತೇವೆ. ಕೋಡ್ ಟೈಪ್ ಮಾಡುವ ನನ್ನ ಎಡಿಟರಿನ ತುಂಬ, ತಪ್ಪಿರಬಹುದೆಂಬ ಎಚ್ಚರಿಕೆಯ ಕೆಂಪು ಗೆರೆಗಳು. ಅವರದು ತೊಳೆದಿಟ್ಟ ತಟ್ಟೆಯ ಹಾಗಿರುತ್ತದೆ. ಮೊನ್ನೆ ಅವರ ಸೆಟ್ಟಿಂಗ್ ಇಣುಕಿ ನೋಡಿದರೆ, ಹೆಚ್ಚುಕಮ್ಮಿ ಎಲ್ಲ ಎಚ್ಚರಿಕೆಗಳನ್ನೂ ಬಂದ್ ಮಾಡಿಬಿಟ್ಟಿದ್ದರು!

"ಇದು ಕಳ್ಳಾಟ ಅತ್ತಿಗೆ," ಎಂದು ರೇಗಿದೆ.

"ಸಾಲು ಉದ್ದ ಆಯ್ತು ಅಂತೆಲ್ಲ ಎಡಿಟರ್ ಬಾಯಿ ಬಡ್ಕೊಂಡ್ರೆ ನಿಜವಾದ ಕೂಗು ಕೇಳಿಸುತ್ತೇನೋ?" ಎಂದು ಅವರು ಔಷಧದ ಅಳತೆಯ ಸಾಲು ತೋರಿಸಿದರು. ಅದಕ್ಕೆ ಮಾತ್ರ ಹಳದಿ ಹಿನ್ನೆಲೆ. ಮುಂದಿನ ಪದವನ್ನು ತಾನೇ ಸೂಚಿಸುವ ಆಟೊಕಂಪ್ಲೀಟ್ ಕೂಡ ಅಲ್ಲಿ ಬಂದ್. "ಇಲ್ಲಿ ಅದು ಹೇಳಿದ್ದಕ್ಕೆಲ್ಲ ಹೂಂಗುಟ್ಟಬಾರ್ದು. ಪ್ರತಿ ಅಕ್ಷರ ನಾನೇ ಒತ್ತಬೇಕು."

ಮೂಗು ಮುರಿಯುತ್ತಲೇ ಅವರ ಸೆಟ್ಟಿಂಗನ್ನು ನನ್ನ ಎಡಿಟರಿಗೂ ಹಾಕಿಕೊಂಡೆ. ಮುನ್ನೂರು ಗೆರೆಗಳಲ್ಲಿ ಒಂದೇ ಒಂದು ಉಳಿಯಿತು, ಔಷಧದ ಅಳತೆಯ ಸಾಲಿನಲ್ಲಿ. ಅದು ತಿಂಗಳಿಂದ ನನ್ನ ಕಣ್ಣೆದುರೇ ಇತ್ತು.