ಮರುದಿನ ಬರೆದ ನಕ್ಷೆ

ಅಕ್ಟೋಬರಿನ ಎರಡನೇ ಭಾನುವಾರ ವಾಸ್ತುಶಿಲ್ಪಿ ಪರವಾನಗಿಯ ಪರೀಕ್ಷೆ. ಆರೂವರೆ ಗಂಟೆಯಲ್ಲಿ ಒಂದು ಇಡೀ ಕಟ್ಟಡದ ನಕ್ಷೆಯನ್ನು ಕೈಯಲ್ಲೇ ಬರೆದು ಕೊಡಬೇಕು. ಒಂದು ಕೈಯಲ್ಲಿ ಅನ್ನದ ಉಂಡೆ ಕಚ್ಚುತ್ತ ಇನ್ನೊಂದರಲ್ಲಿ ಗೆರೆ ಎಳೆಯುವವರೇ ಹೆಚ್ಚು. ಬರೆದು ಕೊಟ್ಟ ಹಾಳೆ ಮತ್ತೆ ಬರೆದವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮರುದಿನ, ನೆನಪು ಇನ್ನೂ ಹಸಿಯಾಗಿರುವಾಗಲೇ, ನನ್ನ ವಿದ್ಯಾರ್ಥಿಗಳೆಲ್ಲ ಅದೇ ನಕ್ಷೆಯನ್ನು ಬೇರೊಂದು ಹಾಳೆಯ ಮೇಲೆ ಬರೆದು ತಂದು ನನ್ನ ಮೇಜಿನ ಮೇಲೆ ಹಾಕುತ್ತಾರೆ. ನಾನು ನೋಡಿ, ಇದಕ್ಕೆ ಇಂಥ ದರ್ಜೆ ಬರುತ್ತದೆ ಎಂದು ಹೇಳುತ್ತೇನೆ.

ದರ್ಜೆಗಳು ನಾಲ್ಕು. ಒಂದು ಬಂದರೆ ನೀವು ವಾಸ್ತುಶಿಲ್ಪಿ. ಎರಡು ಬಂದರೆ ಸ್ವಲ್ಪದರಲ್ಲಿ ತಪ್ಪಿತು, ಮೂರು ಬಂದರೆ ಇನ್ನೂ ಕಚ್ಚಾ. ನಾಲ್ಕು ಎಂದರೆ ಕಾನೂನನ್ನೋ ಪ್ರಶ್ನೆಯ ಷರತ್ತನ್ನೋ ಮುರಿದಿದ್ದೀರಿ, ಉಳಿದದ್ದು ಎಷ್ಟೇ ಚೆಂದವಿದ್ದರೂ ಉಪಯೋಗವಿಲ್ಲ. ಡಿಸೆಂಬರ್ ಕೊನೆಯಲ್ಲಿ ಫಲಿತಾಂಶ ಬಂದಾಗ ತೇರ್ಗಡೆಯಾಗದವರಿಗೆ ಗೊತ್ತಾಗುವುದು ಆ ಅಂಕೆ ಮಾತ್ರ. ಯಾಕೆ ಎಂದು ಯಾರೂ ಹೇಳುವುದಿಲ್ಲ. ಆ ‘ಯಾಕೆ’ಯ ಹುಚ್ಚು ಹತ್ತಿ ನನಗೆ ಹದಿನಾಲ್ಕು ವರ್ಷವಾಯಿತು. ತಕಮತ್ಸು ಊರಿನ ಈ ತರಬೇತಿ ಶಾಲೆಯಲ್ಲಿ ಕುಸುನೋಕಿ ಮೇಷ್ಟ್ರು, ಅಂದರೆ ನಾನು, ಹೇಳಿದ ದರ್ಜೆ ಹತ್ತರಲ್ಲಿ ಏಳು ಸಲ ನಿಜವಾಗುತ್ತದೆ ಎಂಬ ಹೆಸರಿದೆ. ಉಳಿದ ಮೂರು ಸಲ ಪರೀಕ್ಷಕರಿಗೆ ಕಣ್ಣು ಕಾಣುವುದಿಲ್ಲ ಎಂದು ಬೈದುಕೊಂಡು ನಾನು ಸುಖವಾಗಿದ್ದೆ.

ಆ ವರ್ಷ ಎಲ್ಲರೂ ಸೋಮವಾರವೇ ಹಾಳೆ ತಂದರು. ತೊಕುನಾಗ ಮಿಸಾವೊ ಬಂದದ್ದು ಬುಧವಾರ. ನಲವತ್ತಾರು ವರ್ಷದ ಹೆಂಗಸು, ಒಂದು ಚಿಕ್ಕ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ನಕ್ಷೆ ಬರೆಯುತ್ತಿದ್ದಾರೆ. ಊರಿನ ಎರಡು ಆಸ್ಪತ್ರೆ, ಒಂದು ಶಿಶುವಿಹಾರ ಅವರ ಕೈಯಲ್ಲೇ ಹುಟ್ಟಿದವು. ನಕ್ಷೆಯ ಮೇಲಿನ ಮುದ್ರೆ, ಹೆಸರು ಮಾತ್ರ ಕಚೇರಿಯ ಮಾಲೀಕರದು, ಪರವಾನಗಿ ಇದ್ದದ್ದು ಮಾಲೀಕರಿಗಷ್ಟೇ. ಲಿಖಿತ ಪರೀಕ್ಷೆ ಒಮ್ಮೆ ಪಾಸಾದರೆ ನಕ್ಷೆಗೆ ಮೂರು ಸಲ ಕೂರಬಹುದು. ತೊಕುನಾಗ ಅವರಿಗೆ ಇದು ಮೂರನೆಯದು. ಇದೂ ಹೋದರೆ ಜುಲೈ ತಿಂಗಳ ಲಿಖಿತದಿಂದ ಮತ್ತೆ ಮೊದಲಾಗಬೇಕು.

ಅವರು ಹಾಳೆ ಬಿಡಿಸಿದರು. ಮೂರು ಮಹಡಿಯ ಗ್ರಂಥಾಲಯ. ಕಂಬಗಳ ಸಾಲು, ಓದುವ ಕೋಣೆಗೆ ಉತ್ತರದ ಬೆಳಕು, ಪುಸ್ತಕದ ಗಾಡಿ ಬರುವ ದಾರಿ, ಎಲ್ಲ ಒಪ್ಪವಾಗಿತ್ತು. ಎರಡನೇ ಮಹಡಿಯ ಪೂರ್ವದ ಮೆಟ್ಟಿಲಿನ ಹತ್ತಿರ ಮಾತ್ರ ಗೆರೆ ನಿಂತುಹೋಗಿತ್ತು.

“ಇಲ್ಲಿ ಬಾಗಿಲೆಲ್ಲಿ? ಬೆಂಕಿ ಬಿದ್ರೆ ಹೊಗೆಯೆಲ್ಲ ಮೆಟ್ಟಿಲಿಗೇ ನುಗ್ಗತ್ತಲ್ರೀ.”

“ಬರದ್ನೋ ಇಲ್ವೋ ನೆನಪಿಲ್ಲ ಮೇಷ್ಟ್ರೇ. ಅದಕ್ಕೇ ಖಾಲಿ ಬಿಟ್ಟೆ.”

“ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀರಿ. ಬರೆದೇ ಇರ್ತೀರಿ, ಸುಮ್ನೆ ಹಾಕಿ.”

“ಅದೇ ಕಷ್ಟ. ಈಗ ಬಿಟ್ರೆ ನನ್ನ ಕೈ ತಾನಾಗೇ ಬಾಗಿಲು ಹಾಕತ್ತೆ. ಭಾನುವಾರ ಹಾಕಿತ್ತು ಅನ್ನೋದಕ್ಕೆ ಅದು ಸಾಕ್ಷಿ ಆಗತ್ತಾ?”

ನನಗೆ ಮೈ ಉರಿಯಿತು. ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಕಾನೂನು ಪುಸ್ತಕ ಸರಿಯಾಗಿ ಓದಿದ್ದರೆ ಈ ಅನುಮಾನವೇ ಬರುತ್ತಿರಲಿಲ್ಲ ಎಂದು ಕುಟುಕಿದೆ. ಅವರು ತಲೆ ತಗ್ಗಿಸಿದರೇ ಹೊರತು ಪೆನ್ಸಿಲು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಉರಿ ಆರಿ, ಅದೇ ಪ್ರಶ್ನೆ ನನ್ನನ್ನೇ ಕೊರೆಯತೊಡಗಿತು.

ಸೆಪ್ಟೆಂಬರಿನಲ್ಲಿ ನಾವು ನಡೆಸಿದ ಅಣಕು ಪರೀಕ್ಷೆಯ ಹಾಳೆಗಳು ನನ್ನ ಕಪಾಟಿನಲ್ಲೇ ಇದ್ದವು. ಇನ್ನೂ ಯಾರಿಗೂ ಹಿಂದಿರುಗಿಸಿರಲಿಲ್ಲ. ಆಗ ಕೊಟ್ಟದ್ದು ಸಾರ್ವಜನಿಕ ಸ್ನಾನಗೃಹ. ಆ ದಿನ ಬರೆದದ್ದನ್ನು ಇದ್ದ ಹಾಗೇ ನೆನಪಿನಿಂದ ಬರೆಯಿರಿ ಎಂದು ತೊಕುನಾಗ ಅವರನ್ನು ಕೂರಿಸಿದೆ. ಅನುಮಾನ ಬಂದ ಕಡೆ ಖಾಲಿ ಬಿಡಿ ಎಂದೆ. ನಾನು ಮೂಲೆಯಂಗಡಿಗೆ ಹೋಗಿ ಎರಡು ಬಟ್ಟಲು ಉದೋನ್ ಶ್ಯಾವಿಗೆ ತಿಂದು ಬಂದರೂ ಅವರು ಬರೆಯುತ್ತಲೇ ಇದ್ದರು. ಮುಗಿದಾಗ ಹಾಳೆಯಲ್ಲಿ ಒಂದು ಜಾಗವೂ ಖಾಲಿ ಇರಲಿಲ್ಲ. ಎಲ್ಲ ಖಚಿತವಾಗಿ ನೆನಪಿದೆ ಎಂದರು.

ಕಪಾಟಿನಿಂದ ಅಸಲು ತೆಗೆದು ಪಕ್ಕದಲ್ಲಿಟ್ಟೆ. ಅಸಲಿನಲ್ಲಿ ಹೆಂಗಸರು ಬಟ್ಟೆ ಬಿಚ್ಚುವ ಕೋಣೆಗೂ ಬಿಸಿನೀರಿನ ಕೊಳಕ್ಕೂ ನಡುವೆ ನೇರ ದಾರಿಯೇ ಇರಲಿಲ್ಲ. ಸ್ನಾನಕ್ಕೆ ಹೋಗಬೇಕಾದರೆ ಬರಿಮೈಯಲ್ಲಿ ಟಿಕೆಟ್ ಕೊಡುವವನ ಮುಂದೆ ಹಾದು ಹೋಗಬೇಕು. ಈಗ ಬರೆದದ್ದರಲ್ಲಿ ದಾರಿ ಸರಿಯಾಗಿತ್ತು.

“ಇದು ನಂದಲ್ಲ,” ಎಂದರು. ಮೂಲೆಯಲ್ಲಿ ತಮ್ಮ ಹೆಸರು ನೋಡಿದ ಮೇಲೆ ಕೆಂಪಗಾದರು. “ಇಲ್ಲ ಮೇಷ್ಟ್ರೇ, ನಾನು ದಾರಿ ಇಟ್ಟಿದ್ದೆ. ಆಣೆಗೂ ಇಟ್ಟಿದ್ದೆ.”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹದಿನಾಲ್ಕು ವರ್ಷ ನಾನು ದರ್ಜೆ ಕೊಟ್ಟದ್ದು ಜನ ಬರೆದ ನಕ್ಷೆಗಲ್ಲ, ಬರೆದೆವೆಂದು ನಂಬಿದ ನಕ್ಷೆಗೆ. ನಾನು ಬೈದ ಪರೀಕ್ಷಕರು ನನ್ನ ಕಣ್ಣ ಮುಂದೆ ಸಾಲಾಗಿ ಬಂದು ನಿಂತರು. ನಾಚಿಕೆಯಾಯಿತು.

ಆದರೂ ಬುದ್ಧಿ ಬಂತೇ? ಅವತ್ತೇ ಕೂತು ಇಬ್ಬರೂ ಗ್ರಂಥಾಲಯದ ನಕ್ಷೆಗೆ ಲೆಕ್ಕ ಹಾಕಿದೆವು. ಬಾಗಿಲು ಇದ್ದಿದ್ದರೆ ಒಂದು, ಇಲ್ಲದಿದ್ದರೆ ನಾಲ್ಕು. ಬೆಂಕಿಯ ವಿಷಯದಲ್ಲಿ ಪರೀಕ್ಷಕರು ಯಾರನ್ನೂ ಬಿಟ್ಟದ್ದಿಲ್ಲ. ಜುಲೈಗೆ ಈಗಿನಿಂದಲೇ ಓದಲು ಶುರು ಮಾಡಿ ಎಂದು ನಾನು ಹೇಳಿದೆ. ಫಲಿತಾಂಶ ಬರುವವರೆಗೆ ಪುಸ್ತಕ ಮುಟ್ಟುವುದಿಲ್ಲ, ಮುಟ್ಟಿದರೆ ಸೋತೆನೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವರು ಹಟ ಹಿಡಿದರು. ವಾರಕ್ಕೊಮ್ಮೆ ಶಾಲೆಗೆ ಬಂದು, ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಯಾವ ಗೆರೆ ಎಳೆಯುತ್ತಿದ್ದೆ, ಯಾವಾಗ ರಬ್ಬರು ತೆಗೆದೆ ಎಂದು ನೆನಪಿಸಿಕೊಂಡು ಹೇಳುತ್ತಿದ್ದರು. ಆ ಒಂದು ಬಾಗಿಲಿಗಾಗಿ ನಾವು ತಲೆ ಕೆಡಿಸಿಕೊಂಡ ಹೊತ್ತಿನಲ್ಲಿ ಇನ್ನೊಂದು ಗ್ರಂಥಾಲಯವನ್ನೇ ಕಟ್ಟಬಹುದಿತ್ತು.

ಫಲಿತಾಂಶದ ದಿನ ಅವರು ಫೋನ್ ಮಾಡಲಿಲ್ಲ, ಶಾಲೆಗೇ ಬಂದರು. ಕೋಟು ಬಿಚ್ಚದೆ ನನ್ನ ಮೇಜಿನ ಮುಂದೆ ನಿಂತರು.

“ಎರಡು,” ಎಂದರು.

ಒಂದೋ ನಾಲ್ಕೋ ಎಂದು ಎರಡು ತಿಂಗಳಿಗೂ ಮೇಲೆ ಕಾದಿದ್ದೆವು. ಎರಡು ಬರಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಬಾಗಿಲು ಇಲ್ಲದಿದ್ದರೆ ನಾಲ್ಕು ಬರಬೇಕಿತ್ತು. ಎರಡು ಬಂದಿದೆ ಎಂದರೆ ಬಾಗಿಲು ಇತ್ತು. ತಪ್ಪಿದ್ದದ್ದು ಬೇರೆಲ್ಲೋ, ನಮಗೆ ಅನುಮಾನವೇ ಬಾರದ ಜಾಗದಲ್ಲಿ.

ಗ್ರಂಥಾಲಯದ ಹಾಳೆಯನ್ನು ಮತ್ತೆ ಹರಡಿಕೊಂಡು ಒಂದೊಂದೇ ಕೋಣೆ ನೋಡಿದೆವು. ಕಂಬ ಸರಿ, ಶೌಚಾಲಯ ಸರಿ, ನೀರಿನ ಕೊಳವೆ ಸರಿ. ಒಂದು ಗಂಟೆ ಹುಡುಕಿದರೂ ಏನೂ ಸಿಗಲಿಲ್ಲ.

“ಇದ್ರಲ್ಲಿ ಸಿಗಲ್ಲ, ತೊಕುನಾಗ ಅವರೇ,” ಎಂದೆ. “ಆ ತಪ್ಪನ್ನ ನೀವು ಬುಧವಾರದೊಳಗೇ ತಿದ್ದಿಬಿಟ್ಟಿದೀರಿ.”

ಅವರು ಕೂತರು. “ಅಂದ್ರೆ ನಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಭಾನುವಾರ ಒಂದು ದಿನ ಗೊತ್ತಿರ್ಲಿಲ್ಲ, ಅಷ್ಟೆ.”

ಮೂರು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, ಲಿಖಿತ ಪರೀಕ್ಷೆಯ ತರಗತಿ ಯಾವತ್ತಿನಿಂದ ಎಂದು ಕೇಳಿದರು. ನಾಳೆ ಒಂಬತ್ತು ಗಂಟೆಯಿಂದ ಎಂದೆ. ಅಂಥ ತರಗತಿಯೇ ಇರಲಿಲ್ಲ, ಹೊಸ ವರ್ಷ ಕಳೆಯುವವರೆಗೆ ಶಾಲೆಗೆ ರಜೆ. ಮರುದಿನ ಎಂಟೂವರೆಗೆ ನಾನೇ ಹೋಗಿ ಬೀಗ ತೆಗೆದು, ಕೋಣೆ ಬೆಚ್ಚಗಾಗಲೆಂದು ಒಲೆ ಹಚ್ಚಿ ಕೂತೆ. ಒಂಬತ್ತಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಅವರು ಬಂದರು.